ಪಿಪ್ ಇನ್‌ಸ್ಟಾಲ್ ಮಾಡಿದೀನಿ, ಆದ್ರೂ ಇಲ್ಲ ಅಂತಿದೆ ಸರ್

ಭಾನುವಾರ ಕೋಲಾರದಲ್ಲಿ ಕೆಲವು ಹುಡುಗ-ಹುಡುಗಿಯರಿಗೆ ಪೈಥಾನ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಎಪಿಎಂಸಿಯ ಟೊಮೆಟೊ ದರ ಇಟ್ಟುಕೊಂಡು, 15 ಕೆಜಿ ಬಾಕ್ಸಿಗೆ ದಿನಾ ಎಷ್ಟು ಅಂತ ಗ್ರಾಫ್ ಬರೆಯುವುದು ಅವರ ಪ್ರಾಜೆಕ್ಟ್. ಗ್ರಾಫ್ ಸುಲಭ. ತಲೆನೋವೆಲ್ಲಾ ಪ್ಯಾಕೇಜ್‌ಗಳದ್ದು, ಅಂದರೆ ಬೇರೆಯವರು ಬರೆದಿಟ್ಟ, ನಾವು ‘ಪಿಪ್’ ಎಂಬ ಕಮ್ಯಾಂಡಿನಿಂದ ಹಾಕಿಕೊಳ್ಳುವ ಕೋಡ್‌ನದ್ದು.

ಒಬ್ಬ ಪಾಂಡಾಸ್ (ಅಂಕಿಅಂಶದ ಪಟ್ಟಿ ನಿಭಾಯಿಸುವ ಪ್ಯಾಕೇಜ್) ಹಾಕಿದ್ದ. ಪ್ರೋಗ್ರಾಂ ಮಾತ್ರ ‘ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್’ ಎನ್ನುತ್ತಿತ್ತು. ನೋಡಿದರೆ ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್! ಪಿಪ್ ಒಂದಕ್ಕೆ ಹಾಕಿದೆ, ಎಡಿಟರ್ ಇನ್ನೊಂದನ್ನು ಓಡಿಸುತ್ತಿದೆ. ಒಂದು ಮಂಡಿಯಲ್ಲಿ ಲೋಡ್ ಇಳಿಸಿ ಪಕ್ಕದ ಮಂಡಿಯಲ್ಲಿ ಬಿಲ್ ಕೇಳಿದ ಹಾಗೆ. ಅದಕ್ಕೇ ನಾನು ಬರೀ ಪಿಪ್ ಎಂದು ಟೈಪ್ ಮಾಡುವುದಿಲ್ಲ. ‘ಪೈಥಾನ್ ಡ್ಯಾಶ್ ಎಂ ಪಿಪ್’ ಎನ್ನುತ್ತೇನೆ. ಆಗ ಯಾವ ಪೈಥಾನ್ ಕರೆದೆನೋ ಅದಕ್ಕೇ ಹೋಗುತ್ತದೆ.

ಉಬುಂಟು ಲಿನಕ್ಸ್ 23.04ರಿಂದ ಈಚೆಗೆ, ಅದರ ಜೊತೆಗೇ ಬರುವ ಸಿಸ್ಟಂ ಪೈಥಾನಿಗೆ ಪಿಪ್‌ನಿಂದ ಹಾಕಲು ಹೋದರೆ ತಡೆಯುತ್ತದೆ. ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಅಂತ ಸೇರಿಸಿ, ಆಗುತ್ತೆ ಎಂದು ಹೇಳುವವರಿದ್ದಾರೆ. ಹೆಸರಲ್ಲೇ ಇದೆಯಲ್ವಾ, ಮುರಿಯುತ್ತೆ ಅಂತ? ಉಬುಂಟುವಿನ ಎಷ್ಟೋ ಕೆಲಸ ಅದೇ ಪೈಥಾನ್ ಮೇಲೆ ನಿಂತಿದೆ. ಪ್ರಾಜೆಕ್ಟಿಗೊಂದು ವೆನ್ವ್ ಮಾಡಿಕೊಳ್ಳಿ, ಅಂದರೆ ಆ ಪ್ರಾಜೆಕ್ಟಿನ ಪ್ಯಾಕೇಜ್‌ಗಳಿಗೇ ಮೀಸಲಾದ ಫೋಲ್ಡರ್. 2012ರಲ್ಲಿ ಬಂದ ಪೈಥಾನ್ 3.3ರಿಂದಲೂ ಅದನ್ನು ಮಾಡುವ ಸೌಲಭ್ಯ ಜೊತೆಗೇ ಇದೆ. ಉಬುಂಟುವಿನಲ್ಲಿ ಮಾತ್ರ ‘ಪೈಥಾನ್3 ವೆನ್ವ್’ ಅನ್ನು ಆಪ್ಟ್‌ನಿಂದ (ಉಬುಂಟುವಿನದೇ ಇನ್‌ಸ್ಟಾಲರ್) ಬೇರೆಯಾಗಿ ಹಾಕಬೇಕು. ಯಾಕೆ ಹೀಗೆ ಮಾಡಿದರೋ, ನನಗಂತೂ ಇಷ್ಟವಿಲ್ಲ.

ಶುರುವಿನಲ್ಲಿ ನಾನೂ ಒಂದು ಪೆದ್ದು ಕೆಲಸ ಮಾಡಿದ್ದೆ. ವೆನ್ವ್ ಫೋಲ್ಡರನ್ನೇ ಜಿಪ್ ಮಾಡಿ ಪೆನ್‌ಡ್ರೈವಿನಲ್ಲಿ ಗೆಳೆಯನಿಗೆ ಕೊಟ್ಟೆ. ಓಡಲಿಲ್ಲ. ನನ್ನ ಕಂಪ್ಯೂಟರಿನ ಫೋಲ್ಡರ್ ದಾರಿಯೆಲ್ಲಾ ಅದರೊಳಗೆ ಬರೆದಿರುತ್ತದೆ, ಅವನ ಹತ್ತಿರ ಆ ದಾರಿ ಎಲ್ಲಿಂದ ಬರಬೇಕು? ಕೊಡಬೇಕಾದದ್ದು ಪಟ್ಟಿ. ‘ಪಿಪ್ ಫ್ರೀಜ್’ ಎಂದರೆ ಹಾಕಿದ್ದೆಲ್ಲಾ ವರ್ಷನ್ ಸಮೇತ ಬರುತ್ತದೆ. ಅದನ್ನು ರಿಕ್ವೈರ್‌ಮೆಂಟ್ಸ್ ಫೈಲಿಗೆ ಹಾಕಿಕೊಟ್ಟರೆ ಅವರು ತಮ್ಮ ವೆನ್ವ್ ತಾವೇ ಕಟ್ಟಿಕೊಳ್ಳುತ್ತಾರೆ.

ಹಾಕುವ ಹೆಸರು, ಪ್ರೋಗ್ರಾಂ ಒಳಗೆ ಇಂಪೋರ್ಟ್ ಮಾಡುವ (ಕರೆಯುವ) ಹೆಸರು ಒಂದೇ ಇರಬೇಕೆಂದಿಲ್ಲ. ಚಿತ್ರಗಳ ಪ್ಯಾಕೇಜ್ ಪಿಲ್ಲೋ ಹಾಕಿ ‘ಪಿಐಎಲ್’ ಇಂಪೋರ್ಟ್ ಮಾಡಬೇಕು. ಸುಮ್ನೆ ಊಹಿಸಿ ಟೈಪ್ ಮಾಡಬೇಡಿ. ಪಿಪ್ ಪ್ಯಾಕೇಜ್ ತರುವ ಪೈಪಿಐ ಎಂಬ ಆನ್‌ಲೈನ್ ಭಂಡಾರಕ್ಕೆ ಯಾರು ಬೇಕಾದರೂ ಪ್ಯಾಕೇಜ್ ಏರಿಸಬಹುದು, ಒಂದಕ್ಷರ ತಪ್ಪಿದ ಹೆಸರಿನಲ್ಲಿ ಕಳ್ಳ ಕೋಡ್ ಇಟ್ಟವರೂ ಇದ್ದಾರೆ.

ಹೋದ ವಾರ ಒಬ್ಬಳದು ಎಲ್ಲಾ ಸರಿಯಿತ್ತು. ವೆನ್ವ್ ಇದೆ, ಪಾಂಡಾಸ್ ಇದೆ. ಆದರೂ ಪಾಂಡಾಸ್ ಒಳಗಿಂದಲೇ ಎರರ್. ಅರ್ಧ ಗಂಟೆ ಹುಡುಕಿದೆವು. ಕೊನೆಗೆ ಅವಳ ಫೈಲಿನ ಹೆಸರು ನೋಡಿದೆ: ‘ಸಿಎಸ್‌ವಿ ಡಾಟ್ ಪಿವೈ’. ಪೈಥಾನ್ ಮೊದಲು ಹುಡುಕುವುದು ನಮ್ಮ ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ. ಪಾಂಡಾಸ್ ತನಗೆ ಬೇಕಾದ, ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್ ಕೇಳಿದಾಗ ಇವಳ ಫೈಲ್ ಸಿಕ್ಕಿದೆ, ಪಾಪ. ಹೆಸರನ್ನು ‘ಟೊಮೆಟೊ ರೇಟ್’ ಎಂದು ಬದಲಾಯಿಸಿದಳು, ಗ್ರಾಫ್ ಬಂತು.