ಹಸಿರು ವೈರ್ ಬಿಗಿಯುವ ಮುನ್ನ

ಅಟ್ಟದಿಂದ ಇಳಿಸಿದ ಹಳೆಯ ವಾಲ್ವ್ ರೇಡಿಯೊದ ಮೇನ್ಸ್ ವೈರ್ ಬದಲಿಸಲೇಬೇಕು. ಮುಟ್ಟಿದರೆ ರಬ್ಬರ್ ಪುಡಿಯಾಗಿ ಉದುರುತ್ತದೆ, ಒಳಗಿನ ತಾಮ್ರ ಕಪ್ಪಾಗಿರುತ್ತದೆ. ಆದರೆ ಎರಡೆಳೆ ವೈರ್ ಕಿತ್ತು ಮೂರೆಳೆ ಹಾಕಿ, ಹಸಿರನ್ನು ಚಾಸಿಗೆ, ಅಂದರೆ ಸೆಟ್ಟಿನ ಲೋಹದ ತಟ್ಟೆಗೆ, ಬಿಗಿದು, ‘ಅರ್ತ್ ಕೊಟ್ಟಾಯ್ತು, ಇನ್ನು ಭಯವಿಲ್ಲ’ ಅನ್ನುತ್ತಾರಲ್ಲ, ಅವರು ಮೊದಲು ನೋಡಬೇಕಾದ್ದು ಒಂದೇ: ಒಳಗೆ ಮೇನ್ಸನ್ನು ಚಾಸಿಯಿಂದ ಬೇರೆಯಿಡುವ ಪವರ್ ಟ್ರಾನ್ಸ್‌ಫಾರ್ಮರ್ ಇದೆಯೇ?

ಎಸಿ, ಡಿಸಿ ಎರಡರಲ್ಲೂ ಓಡುವ ಎಸಿ/ಡಿಸಿ ಸೆಟ್ಟುಗಳಲ್ಲಿ ಅದಿಲ್ಲ. ವಾಲ್ವ್‌ಗಳ ಹೀಟರ್‌ಗಳು ಹಬ್ಬದ ಸೀರಿಯಲ್ ಸೆಟ್ಟಿನಂತೆ ಒಂದರ ಹಿಂದೊಂದು ಜೋಡಿಸಿರುತ್ತವೆ. ವಾಲ್ವ್ ನಂಬರಿನ ಪ್ರಕಾರ ಯುಸಿಎಚ್42ಕ್ಕೆ 14 ವೋಲ್ಟ್, ಯುಎಫ್41ಕ್ಕೆ 12.6, ಯುಬಿಸಿ41ಕ್ಕೆ 14, ಯುಎಲ್41ಕ್ಕೆ 45, ಯುವೈ41ಕ್ಕೆ 31, ಕೂಡಿಸಿದರೆ 116.6. 230ರಲ್ಲಿ ಉಳಿದದ್ದನ್ನು ಡ್ರಾಪರ್ ರೆಸಿಸ್ಟರ್ ಬಿಸಿಯಾಗಿ ಕಳೆಯುತ್ತದೆ. ಇಂಥ ಸೆಟ್ಟಿನಲ್ಲಿ ಚಾಸಿಯೇ ಮೇನ್ಸಿನ ಒಂದು ಕೊನೆ.

ಅದಕ್ಕೆ ಅರ್ತ್ ಸೇರಿಸಿದರೆ ಏನಾಗುತ್ತದೆ? ಚಾಸಿಗೆ ನ್ಯೂಟ್ರಲ್ ಬಂದಿದ್ದರೆ ಕರೆಂಟ್ ಸೋರಿಕೆ ಹಿಡಿಯುವ ಆರ್‌ಸಿಸಿಬಿ ಬೀಳಬಹುದು. ಫೇಸ್ ಬಂದಿದ್ದರೆ ನೇರ ಶಾರ್ಟ್, ಎಂಸಿಬಿ ಬೀಳುತ್ತದೆ. ಇವೆರಡೂ ಪುಣ್ಯ. ಹಳೆ ಮನೆಯಲ್ಲಿ ಅರ್ತ್ ವೈರ್ ಸಾಕೆಟ್‌ನಿಂದ ಸಾಕೆಟ್‌ಗೆ ಓಡಾಡಿ ನೆಲವನ್ನೇ ಮುಟ್ಟಿರದಿದ್ದರೆ, ಆ ಫೇಸ್ ಹಸಿರು ವೈರ್ ಹಿಡಿದು ಫ್ರಿಜ್ಜಿನ, ಗೀಸರಿನ ಮೈಗೆ ಬರುತ್ತದೆ. ರೇಡಿಯೊ ಹಾಲ್‌ನಲ್ಲಿ ಹಾಡುತ್ತಿರುತ್ತದೆ, ಶಾಕ್ ಬಚ್ಚಲಮನೆಯಲ್ಲಿ.

ವಾಲ್ವ್ ನಂಬರು ‘ಯು’ನಿಂದ ಶುರುವಾದರೆ ಅನುಮಾನಪಡಿ. ‘ಇ’ಯಿಂದ ಶುರುವಾದರೂ ಆಟೊ ಟ್ರಾನ್ಸ್‌ಫಾರ್ಮರ್ ಇರಬಹುದು, ಅದು ಮೇನ್ಸನ್ನು ಚಾಸಿಯಿಂದ ಬೇರೆ ಮಾಡದು, ಅದೂ ಇಷ್ಟೇ ಅಪಾಯ. ಪ್ಲಗ್ ಕಿತ್ತು, ಸೆಟ್ಟಿನ ಸ್ವಿಚ್ ಆನ್ ಮಾಡಿ, ಪ್ಲಗ್ಗಿನ ಫೇಸ್, ನ್ಯೂಟ್ರಲ್ ಪಿನ್ನುಗಳಿಂದ ಚಾಸಿಗೆ ಬೇರೆಬೇರೆಯಾಗಿ ಓಮ್ಸ್ ಅಳೆಯಿರಿ. ಎರಡೂ ಕಡೆ ಹಲವು ಮೆಗಾಓಮ್ ತೋರಿಸಿದರೆ ಮಾತ್ರ ಹಸಿರು ವೈರಿನ ಮಾತು. ಕೆಲವೇ ಕಿಲೋಓಮ್ ಬಂದರೆ ಪೇಪರ್ ಕೆಪಾಸಿಟರ್ ಸೋರುತ್ತಿರಬಹುದು; ಮೊದಲು ಅದನ್ನು ಹುಡುಕಿ. ಒಂದು ಕಡೆಯಾದರೂ ಸೊನ್ನೆಗೆ ಹತ್ತಿರ ಬಂದರೆ ಅರ್ತ್ ಬೇಡವೇ ಬೇಡ. ಎರಡೆಳೆ ವೈರನ್ನೇ ಮೂರು ಪಿನ್ನಿನ ಪ್ಲಗ್ಗಿಗೆ ಹಾಕಿ, ಚಾಸಿಯ ಕಡೆಯ ಎಳೆ ನ್ಯೂಟ್ರಲ್ ಪಿನ್ನಿಗಿರಲಿ, ಅರ್ತ್ ಪಿನ್ ಖಾಲಿ ಬಿಡಿ. ತಿರುಗಿಸಿ ಚುಚ್ಚಲಾಗದು, ಚಾಸಿಗೆ ನ್ಯೂಟ್ರಲ್ಲೇ ಬರುತ್ತದೆ. ಸಾಕೆಟ್ಟಿನ ಬಲಗಡೆಯೇ ಫೇಸ್ ಇದೆಯೆಂದು ಟೆಸ್ಟರ್ ಇಟ್ಟು ನೋಡಿಯೇ ನಂಬಿ. ಸ್ವಿಚ್ ಚಾಸಿಯ ಕಡೆಯ ವೈರಿನಲ್ಲಿದ್ದರೆ ಆಫ್ ಮಾಡಿದಾಗ ಹೀಟರ್‌ಗಳ ಮೂಲಕ ಚಾಸಿಗೆ ಫೇಸ್ ಹರಿದು ಬರುತ್ತದೆ; ಆ ಸ್ವಿಚ್ಚನ್ನು ಫೇಸ್ ವೈರಿಗೆ ಬದಲಿಸಿ.

ವೈರ್ ದಪ್ಪದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 50 ವ್ಯಾಟಿನ ಸೆಟ್ ಎಳೆಯುವುದು ಕಾಲು ಆಂಪಿಯರಿಗಿಂತ ಕಡಿಮೆ, 0.75 ಚದರ ಮಿಮೀ, ಅಂದರೆ 24/0.2 ವೈರ್ ಧಾರಾಳ. ದುಬಾರಿ ಕೇಬಲ್ಲಿನಿಂದ ದನಿ ಬದಲಾಗದು. ನಮ್ಮ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ, ಆದ್ದರಿಂದ ಸೆಟ್ಟಿನೊಳಗೆ ಫೇಸಿಗೆ 500 ಮಿಲಿಆಂಪಿನ ಸ್ಲೋ ಬ್ಲೋ ಫ್ಯೂಸ್ ಇರಲಿ. ವೈರ್ ಒಳಹೋಗುವ ತೂತಿಗೆ ರಬ್ಬರ್ ಗ್ರೊಮೆಟ್ (ಬಳೆ), ಒಳಗೆ ಕ್ಲ್ಯಾಂಪ್. ಬರೀ ಗಂಟು ಸಾಲದು. ಪ್ಲಗ್ಗಿನ ಸ್ಕ್ರೂ ಕೆಳಗೆ ಹೋಗುವ ಎಳೆಗಳಿಗೆ ಬೆಸುಗೆ ಹಾಕಬೇಡಿ, ಸೀಸ ಮೆಲ್ಲಗೆ ಕುಗ್ಗಿ ಸ್ಕ್ರೂ ಸಡಿಲವಾಗಿ ಅಲ್ಲೇ ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಸೆಟ್ಟಾದರೆ ಅರ್ತ್ ಎಳೆಯನ್ನು ಉಳಿದವಕ್ಕಿಂತ 3 ಸೆಂಮೀ ಉದ್ದ ಬಿಡಿ. ಜಗ್ಗಿದರೆ ಕೊನೆಗೆ ಕೀಳುವುದು ಅದೇ ಆಗಬೇಕು.

ಇನ್ನು ಸೆಟ್ಟಿನ ಹಿಂದೆ ಗ್ರಾಮಫೋನಿಗೆಂದು ಕೊಟ್ಟ ಪಿಕಪ್ ಸಾಕೆಟ್‌ಗೆ ಮೊಬೈಲ್ ಸಿಕ್ಕಿಸುವ ಆಸೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟಿನಲ್ಲಿ ಚಾಸಿಯ ಮೇನ್ಸ್ ಆ ಸಾಕೆಟ್ಟಿಗೂ ಬರಬಹುದು, ಆ ಆಸೆ ಬಿಟ್ಟುಬಿಡಿ, ಇಲ್ಲವೇ ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ 100 ವಿಎ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮೊದಲು ಕೊಳ್ಳಿ.