ಬಿಸಿಲಿದ್ದರೂ ದೋಣಿ ವಾಪಸ್ ತನ್ನಿ ಅನ್ನುವುದು ಯಾಕೆ?

"ಸರ್, ಇಲ್ಲಿ ಬಿಸಿಲು ಚೆನ್ನಾಗಿದೆ, ಗಾಳೀನೂ ಅಷ್ಟೇನಿಲ್ಲ. ಇನ್ನೊಂದು ದಿನ ಇದ್ದು ಬರ್ತೀವಿ."

ಸೈಕ್ಲೋನ್ ಸುದ್ದಿ ಬಂದಾಗ ರೇಡಿಯೋದಲ್ಲಿ ನನಗೆ ಪದೇಪದೇ ಕೇಳಿಸುವ ಮಾತು ಇದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ವಿಟ್‌ಸಂಡೇ ದ್ವೀಪಗಳಲ್ಲಿ ಹಾಯಿದೋಣಿ ಬಾಡಿಗೆಗೆ ಕೊಡುವುದು ನನ್ನ ಕೆಲಸ. ಇಲ್ಲಿ 74 ದ್ವೀಪಗಳಿವೆ. ಬಾಡಿಗೆ ದೋಣಿಗೆ ಲೈಸೆನ್ಸ್ ಬೇಕಿಲ್ಲ. ನಾವೇ ಹೇಳಿಕೊಟ್ಟು ಕೈಗೆ ಕೊಡುತ್ತೇವೆ. ಈಸ್ಟರ್ ರಜೆಗೆ ಮೆಲ್ಬರ್ನ್, ಸಿಡ್ನಿಯಿಂದ ಕನ್ನಡದ ಕುಟುಂಬಗಳೂ ಬರುತ್ತವೆ. ಸೈಕ್ಲೋನ್ ಕಾಲ ನವೆಂಬರಿನಿಂದ ಏಪ್ರಿಲ್‌ವರೆಗೆ. ಅಂದರೆ ಈಸ್ಟರ್ ಕೂಡ ಅದರೊಳಗೇ ಬಂತು.

ವಾಪಸ್ ಬನ್ನಿ ಎಂದರೆ ಜನರಿಗೆ ಬೇಜಾರಾಗುತ್ತದೆ. ದುಡ್ಡು ಕೊಟ್ಟಿದ್ದಾರೆ, ಮಕ್ಕಳು ನೀರಲ್ಲಿ ಆಡುತ್ತಿದ್ದಾರೆ, ಬೇಜಾರಾಗದೆ ಇರುತ್ತಾ? ಆದರೆ ದೋಣಿಗೆ ಮೋಸ ಮಾಡುವುದು ಗಾಳಿಯ ಜೋರು ಒಂದೇ ಅಲ್ಲ. ಅದು ದಿಕ್ಕು ತಿರುಗುವುದು ಅದಕ್ಕಿಂತ ದೊಡ್ಡ ಮೋಸ.

ಇಲ್ಲಿ ವರ್ಷದ ಹೆಚ್ಚಿನ ದಿನ ಗಾಳಿ ಆಗ್ನೇಯದಿಂದ ಬೀಸುತ್ತದೆ. ಹಾಗಾಗಿ ಎಲ್ಲರೂ ದ್ವೀಪದ ಉತ್ತರ ಮಗ್ಗುಲಲ್ಲಿ ಲಂಗರು ಹಾಕುತ್ತಾರೆ. ಹುಕ್ ದ್ವೀಪದ ಬಟರ್‌ಫ್ಲೈ ಬೇ ಅಂಥ ಜಾಗ. ಬೆನ್ನಿಗೆ ಗುಡ್ಡ, ಮುಂದೆ ತೆರೆದ ಸಮುದ್ರ, ನೀರು ನಿಶ್ಚಲ. ಈಗ ಸೈಕ್ಲೋನ್ ಈಶಾನ್ಯದಿಂದ ಬಂದು ನಮ್ಮ ಉತ್ತರಕ್ಕೆ ದಡ ಸೇರುತ್ತದೆ ಎಂದುಕೊಳ್ಳಿ. ಭೂಮಿಯ ದಕ್ಷಿಣಾರ್ಧದಲ್ಲಿ ಸೈಕ್ಲೋನ್ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತುತ್ತದೆ, ಬಂಗಾಳಕೊಲ್ಲಿಯದಕ್ಕೆ ತದ್ವಿರುದ್ಧ. ಅದು ದೂರ ಇರುವಾಗ ನಮಗೆ ಸಿಗುವುದು ಅದೇ ಆಗ್ನೇಯದ ಗಾಳಿ, ಸ್ವಲ್ಪ ಜಾಸ್ತಿ ಅಷ್ಟೆ. ಹತ್ತಿರ ಬಂದಂತೆ ಗಾಳಿ ಪೂರ್ವಕ್ಕೆ ತಿರುಗುತ್ತದೆ. ದಾಟಿ ಹೋಗುವಾಗ ಈಶಾನ್ಯ, ಆಮೇಲೆ ಉತ್ತರ. ನಿನ್ನೆ ಬೆನ್ನಿಗಿದ್ದ ಗುಡ್ಡವೇ ಇವತ್ತು ದೋಣಿ ಹೋಗಿ ಬಡಿಯುವ ಬಂಡೆಯಾಗುತ್ತದೆ. ಇದೆಲ್ಲ ರಾತ್ರಿ ಹೊತ್ತು ನಡೆದರೆ ಬೇರೆ ಕೊಲ್ಲಿಗೆ ಹೋಗುವ ಮಾತೇ ಇಲ್ಲ.

ನೀವೇ ಪರೀಕ್ಷೆ ಮಾಡಬಹುದು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಇಲ್ಲಿ ಸೈಕ್ಲೋನಿನ ನಡುಭಾಗ ನಿಮ್ಮ ಬಲಗಡೆ ಇರುತ್ತದೆ. ಭಾರತದಲ್ಲಾದರೆ ಎಡಗಡೆ.

ಲಂಗರಿಗೆ ಎಷ್ಟು ಉದ್ದ ಸರಪಳಿ ಬಿಡಬೇಕು ಎಂಬ ಲೆಕ್ಕದಲ್ಲಿ ತುಂಬಾ ಜನ ತಪ್ಪುವುದು ಉಬ್ಬರದ ವಿಷಯದಲ್ಲಿ. ಇಳಿತದ ಹೊತ್ತಿಗೆ ಆಳ 6 ಮೀಟರ್ ಇತ್ತು ಎನ್ನಿ. ಉಬ್ಬರಕ್ಕೆ ಇನ್ನು 3 ಮೀಟರ್ ಏರುತ್ತದೆ. ನೀರಿನಿಂದ ದೋಣಿಯ ಮೂತಿವರೆಗೆ ಒಂದೂವರೆ ಮೀಟರ್. ಒಟ್ಟು ಹತ್ತೂವರೆ. ಮಾಮೂಲಿ ದಿನಕ್ಕೆ ಅದರ ಐದು ಪಟ್ಟು ಸರಪಳಿ, ಅಂದರೆ 50 ಮೀಟರ್ ದಾಟುತ್ತದೆ. ಜೋರು ಗಾಳಿಗೆ ಏಳು ಪಟ್ಟು, 70ಕ್ಕೂ ಜಾಸ್ತಿ. ಅಷ್ಟು ಸರಪಳಿ ಬಿಟ್ಟರೂ ಪಕ್ಕದ ದೋಣಿಗೆ ತಾಗದಷ್ಟು ಜಾಗ ಬೇಕಲ್ಲ? ಗಾಳಿ 20 ನಾಟ್‌ನಿಂದ (ಗಂಟೆಗೆ ಸುಮಾರು 37 ಕಿ.ಮೀ.) 40ಕ್ಕೆ ಏರಿದರೆ ದೋಣಿಯ ಮೇಲಿನ ಒತ್ತಡ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಮುನ್ಸೂಚನೆಯಲ್ಲಿ ಕೊಡುವುದು ಸರಾಸರಿ ಗಾಳಿ. ಬೀಸುಗಳು ಅದಕ್ಕಿಂತ ಶೇ 40ರಷ್ಟು ಜೋರಾಗಿರಬಹುದು.

ಹವಾಮಾನ ಇಲಾಖೆ ಮೊದಲು 'ವಾಚ್' ಕೊಡುತ್ತದೆ. 24ರಿಂದ 48 ಗಂಟೆಯೊಳಗೆ ಭಾರೀ ಗಾಳಿ ಬರಬಹುದು ಎಂದು ಅದರರ್ಥ. 24 ಗಂಟೆಯೊಳಗಾದರೆ 'ವಾರ್ನಿಂಗ್'. ನಾನು ವಾರ್ನಿಂಗ್‌ಗೆ ಕಾಯುವುದಿಲ್ಲ. ದ್ವೀಪದ ವೈಟ್‌ಹೇವನ್ ಬೀಚ್ ಹತ್ತಿರ ಇರುವ ದೋಣಿ ಕರಾವಳಿಯ ಊರಾದ ಏರ್ಲಿ ಬೀಚ್‌ಗೆ ಬರಬೇಕಾದರೆ ಅರ್ಧ ದಿನ ಬೇಕು. ನಡುವೆ ಇಕ್ಕಟ್ಟಾದ ಕಡಲ ದಾರಿಗಳಿವೆ. ಉಬ್ಬರದ ನೀರು ಇಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ಆಗ್ನೇಯದ ಗಾಳಿ ಅದಕ್ಕೆ ಎದುರು. ಎರಡೂ ಗುದ್ದಾಡಿದ ಕಡೆ ಅಲೆ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಹೊಸಬರನ್ನು, ಅದೂ ಮಕ್ಕಳಿರುವ ದೋಣಿಯನ್ನು, ಅಲ್ಲಿ ಸಿಕ್ಕಿಸಲು ನನಗೆ ಮನಸ್ಸಿಲ್ಲ.

ಡೆಬ್ಬಿ ಸೈಕ್ಲೋನಿಗೆ ಹೆಸರಿಟ್ಟದ್ದು 2017ರ ಮಾರ್ಚ್ 25ಕ್ಕೆ. 28ಕ್ಕೆ ಅದು ಏರ್ಲಿ ಬೀಚ್ ಹತ್ತಿರ ದಡ ಸೇರಿತು. ಹ್ಯಾಮಿಲ್ಟನ್ ದ್ವೀಪದಲ್ಲಿ ಬೀಸುಗಾಳಿ ಗಂಟೆಗೆ 263 ಕಿ.ಮೀ. ಮುಟ್ಟಿತ್ತು. ಕೈಯಲ್ಲಿದ್ದದ್ದು ಮೂರೇ ದಿನ. ಅಷ್ಟರಲ್ಲಿ ದೋಣಿಗಳು ವಾಪಸ್ ಬರಬೇಕು, ಜನ ಇಳಿಯಬೇಕು, ಆಮೇಲೆ ನಾವು ದೋಣಿಗಳನ್ನು ಮರೀನಾದಲ್ಲಿ (ದೋಣಿ ನಿಲ್ಲಿಸುವ ಬಂದರಿನಲ್ಲಿ) ಬಿಗಿಯಬೇಕು ಇಲ್ಲವೇ ಕಾಂಡ್ಲಾ ಕಾಡಿನ ಹಳ್ಳಗಳೊಳಗೆ ಒಯ್ದು ಕಟ್ಟಬೇಕು. ಒಂದು ದೋಣಿ ತಡವಾದರೆ ಉಳಿದವುಗಳ ಕೆಲಸವೂ ನಿಲ್ಲುತ್ತದೆ.

ಬಂದ ಮೇಲೆ ಕೈಜೋಡಿಸುವ ಮನಸ್ಸಿದ್ದರೆ ಹಾಯಿ ಬಿಚ್ಚಲು ನೆರವಾಗಿ. ಮುಂದಿನ ಹಾಯಿಯನ್ನು ಸುತ್ತಿ ಹಗ್ಗ ಕಟ್ಟಿದರೆ ಸಾಕು ಎಂದು ಎಷ್ಟೋ ಜನ ತಿಳಿಯುತ್ತಾರೆ. ಸಾಲದು. ಬಿರುಗಾಳಿ ಸುರುಳಿಯ ಅಂಚಿನಲ್ಲಿ ಒಂದು ಗೇಣು ಬಟ್ಟೆ ಹಿಡಿದರೂ ಇಡೀ ಹಾಯಿ ಬಿಚ್ಚಿಕೊಳ್ಳುತ್ತದೆ. ಆಗ ಲಂಗರಾಗಲಿ, ಕಟ್ಟಿದ ಹಗ್ಗವಾಗಲಿ ತಡೆಯುವುದು ಕಷ್ಟ. ಪೂರ್ತಿ ಇಳಿಸಿ, ಮಡಚಿ, ಕೆಳಗಿನ ಕೋಣೆಗೆ ಹಾಕಬೇಕು.

ಆಮೇಲೆ ಏರ್ಲಿಯಲ್ಲೇ ರೂಮು ಹುಡುಕುತ್ತಾ ಕೂರಬೇಡಿ. ಹತ್ತಿರದ ಪ್ರೊಸರ್ಪೈನ್, ಹ್ಯಾಮಿಲ್ಟನ್ ನಿಲ್ದಾಣಗಳ ವಿಮಾನಗಳು ರದ್ದಾಗುವ ಮೊದಲೇ ಟಿಕೆಟ್ ಬದಲಿಸಿಕೊಳ್ಳಿ. ಕಾರಿನಲ್ಲಿ ಹೋಗುವವರು ಮಳೆಗಿಂತ ಮುಂಚೆ ಹೊರಡಿ, ಬ್ರೂಸ್ ಹೆದ್ದಾರಿ ನೆರೆಗೆ ಬೇಗ ಮುಚ್ಚುತ್ತದೆ. ಪ್ರವಾಸ ವಿಮೆಯನ್ನು ಬುಕಿಂಗ್ ಮಾಡಿದ ದಿನವೇ ತೆಗೆದುಕೊಳ್ಳಿ. ಸೈಕ್ಲೋನಿಗೆ ಹೆಸರು ಬಿದ್ದ ಮೇಲೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಆ ಸೈಕ್ಲೋನಿಗೆ ಅನ್ವಯಿಸುವುದಿಲ್ಲ.