ಹುಸಿಭಾರ: ವಿಆರ್‌ನಲ್ಲಿ ಇಲ್ಲದ ತೂಕ ಕೈಗೆ ತಿಳಿಯುವ ಬಗೆ

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಹಾಕಿಕೊಂಡು ಕಬ್ಬಿಣದ ಸುತ್ತಿಗೆ ಎತ್ತಿದರೂ ಬೆಂಡಿನ ತುಂಡು ಎತ್ತಿದರೂ ಕೈಯಲ್ಲಿ ನಿಜವಾಗಿ ಇರುವುದು ನೂರೈವತ್ತು ಗ್ರಾಂ ಆಸುಪಾಸಿನ ಕಂಟ್ರೋಲರ್ ಒಂದೇ. ಹಾಗಿದ್ದೂ ಚೆನ್ನಾಗಿ ಕಟ್ಟಿದ ಆಟದಲ್ಲಿ ಸುತ್ತಿಗೆ ಭಾರ ಅನಿಸುತ್ತದೆ, ಬೆಂಡು ಹಗುರ ಅನಿಸುತ್ತದೆ. ಈ ಅನಿಸಿಕೆಯನ್ನೇ ಇಲ್ಲಿ ಹುಸಿಭಾರ ಎಂದು ಕರೆಯುತ್ತಿದ್ದೇವೆ. ತೂಕ ಎನ್ನದೆ ಭಾರ ಎಂದದ್ದಕ್ಕೆ ಕಾರಣವಿದೆ: ತೂಕ ತಕ್ಕಡಿಯ ಲೆಕ್ಕ, ಭಾರ ತೋಳಿನ ಲೆಕ್ಕ. ವಿಆರ್‌ಗೆ ಬೇಕಿರುವುದು ಎರಡನೆಯದು ಮಾತ್ರ.

ಸಂಶೋಧಕರ ನಡುವೆ ಇದು ‘ಸ್ಯೂಡೋ-ಹ್ಯಾಪ್ಟಿಕ್ಸ್’ (ಹುಸಿ ಸ್ಪರ್ಶ) ಎಂಬ ದೊಡ್ಡ ಬಳಗಕ್ಕೆ ಸೇರುತ್ತದೆ. ಅನಾತೋಲ್ ಲೆಕ್ಯುಯೆ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಬಂಧದಿಂದ ಆ ಹೆಸರು ನೆಲೆಯೂರಿತು. ಒತ್ತಿದರೂ ಹೆಚ್ಚುಕಡಿಮೆ ಕದಲದ ಉಪಕರಣವನ್ನು ಜನ ಒತ್ತುತ್ತಿದ್ದರು; ತೆರೆಯ ಮೇಲಿನ ಸ್ಪ್ರಿಂಗ್ ಎಷ್ಟು ಕುಗ್ಗಿತೋ ಅದನ್ನು ನೋಡಿ ಅದರ ಗಡಸುತನವನ್ನು ಅಳೆಯುತ್ತಿದ್ದರು. ಕೈಗೆ ಸಿಕ್ಕ ಸುದ್ದಿಯನ್ನು ಕಣ್ಣು ತಿದ್ದುತ್ತಿತ್ತು.

ನಿಜವಾದ ಭಾರ ನಮಗೆ ಹಲವು ದಾರಿಗಳಿಂದ ತಿಳಿಯುತ್ತದೆ. ಬೆರಳತುದಿಯ ಚರ್ಮ ಕೆಳಕ್ಕೆ ಜಗ್ಗುತ್ತದೆ, ಸ್ನಾಯುರಜ್ಜುಗಳಲ್ಲಿ ಎಳೆತ ಏರುತ್ತದೆ, ಎತ್ತಲು ಮಿದುಳು ಕೊಟ್ಟ ಆಜ್ಞೆಗೂ ಕೈ ನಿಜಕ್ಕೂ ಚಲಿಸಿದ್ದಕ್ಕೂ ತಾಳೆಯಾಗುತ್ತದೆ. ಮೊದಲೆರಡನ್ನು ಸಾಮಾನ್ಯ ಕಂಟ್ರೋಲರ್ ಕೊಡಲಾರದು. ಉಳಿದ ಮೂರನೆಯದನ್ನು ಕಣ್ಣಿನ ಮೂಲಕ ತಿರುಚುವುದೇ ಹುಸಿಭಾರದ ಉಪಾಯ: ಕೈ ಇಷ್ಟು ಹೋಯಿತು, ವಸ್ತು ಅಷ್ಟು ಬರಲಿಲ್ಲ. ಆ ಕೊರತೆಯನ್ನು ಮಿದುಳು ಭಾರ ಎಂದು ಓದಿಕೊಳ್ಳುತ್ತದೆ.

ಇದರ ಸರಳ ರೂಪ ಕಂಟ್ರೋಲ್–ಡಿಸ್‌ಪ್ಲೇ ಅನುಪಾತ. ನಿಜವಾದ ಕೈ 10 ಸೆಂ.ಮೀ. ಮೇಲೇರಿದಾಗ ಆಟದಲ್ಲಿ ತೋರುವ ಕೈಯನ್ನು 8 ಸೆಂ.ಮೀ. ಮಾತ್ರ ಏರಿಸಿದರೆ ಅನುಪಾತ 1.25, ಒಂದಕ್ಕಿಂತ ಹೆಚ್ಚಿದಷ್ಟೂ ಭಾರ. (ಕೆಲವು ಕೋಡ್‌ಗಳಲ್ಲಿ ಇದನ್ನೇ ತಲೆಕೆಳಗಾಗಿಸಿ 0.8 ಎಂದು ಬರೆದಿರುತ್ತಾರೆ. ಯಾವುದು ಎಂದು ನೋಡದೆ ಬದಲಿಸಿದರೆ ಬಂಡೆ ಹೂವಿನಂತೆ ಏಳುತ್ತದೆ.) ಅಂತರವನ್ನು ವಸ್ತು ಹಿಡಿದ ಬಿಂದುವಿನಿಂದಲೇ ಲೆಕ್ಕ ಹಾಕಬೇಕು, ಆಗ ಅಲ್ಲಿಗೇ ಮರಳಿ ಇಟ್ಟಾಗ ಎರಡೂ ಕೈಗಳು ಒಂದಾಗುತ್ತವೆ. ಬೇರೆಡೆ ಬಿಟ್ಟರೆ ಉಳಿದ ಅಂತರವನ್ನು ಕಾಲು ಸೆಕೆಂಡಿನಲ್ಲಿ ಮೆಲ್ಲಗೆ ಕರಗಿಸಿ, ಇಲ್ಲವಾದರೆ ಕೈ ಜಿಗಿದಂತೆ ಕಾಣುತ್ತದೆ. ಇನ್ನೊಂದು ತೊಡಕು ಎತ್ತರದ್ದು: 60 ಸೆಂ.ಮೀ. ಮೇಲಿನ ಕಪಾಟಿಗೆ ವಸ್ತು ಇಡಲು ನಿಜವಾದ ಕೈ 75 ಸೆಂ.ಮೀ. ಏರಬೇಕು. ಕುಳ್ಳಗಿರುವವರಿಗೂ ಕುಳಿತು ಆಡುವವರಿಗೂ ಅದು ಎಟುಕುವುದಿಲ್ಲ.

ಈ ಅನುಪಾತಕ್ಕೆ ವೇಗದ ಪರಿವೆಯಿಲ್ಲ. ಭಾರದ ವಸ್ತು ಹೊರಡಲು ತಡಮಾಡುತ್ತದೆ, ಹೊರಟ ಮೇಲೆ ನಿಲ್ಲಲು ಒಪ್ಪುವುದಿಲ್ಲ. ಆ ಜಡತ್ವವೂ ಬೇಕೆಂದರೆ ಭೌತಶಾಸ್ತ್ರದ ಕೈ ಕಟ್ಟಬೇಕು, ನಮ್ಮ ಒಲವೂ ಅದಕ್ಕೇ. ಇಲ್ಲಿ ತೋರುವ ಕೈಯನ್ನು ಕಂಟ್ರೋಲರಿಗೆ ನೇರವಾಗಿ ಅಂಟಿಸದೆ, ಕಾಣದ ಸ್ಪ್ರಿಂಗ್ ಮತ್ತು ಡ್ಯಾಂಪರ್ (ಕುಲುಕಾಟ ತಗ್ಗಿಸುವ ತಡೆ) ಒಂದರಿಂದ ಎಳೆಯುತ್ತಾರೆ. ಸ್ಪ್ರಿಂಗಿನ ಬಿಗಿ ಮೀಟರಿಗೆ 500 ನ್ಯೂಟನ್ ಇದ್ದರೆ, 1 ಕೆಜಿ ವಸ್ತು ಹಿಡಿದು ನಿಂತಾಗ ಕೈ ಸುಮಾರು 2 ಸೆಂ.ಮೀ. ಕೆಳಗೆ ಜೋತುಬೀಳುತ್ತದೆ, 5 ಕೆಜಿಗೆ ಸುಮಾರು 10 ಸೆಂ.ಮೀ. (ತೂಕದ ಬಲವನ್ನು ಬಿಗಿಯಿಂದ ಭಾಗಿಸಿ, ಅಷ್ಟೇ.) ಜೋತುಬೀಳುವುದು ಒಳ್ಳೆಯದೇ, ಭಾರ ಕಾಣುವುದೇ ಅಲ್ಲಿ. ಕುಲುಕಾಟ ಮಾತ್ರ ಬೇಡ. ಅದು ನಿಲ್ಲಲು ಡ್ಯಾಂಪಿಂಗ್, ಬಿಗಿ ಮತ್ತು ದ್ರವ್ಯರಾಶಿಯ ಗುಣಲಬ್ಧದ ವರ್ಗಮೂಲದ ಎರಡರಷ್ಟಿರಬೇಕು: 1 ಕೆಜಿಗೆ ಸುಮಾರು 45, 5 ಕೆಜಿಗೆ 100. ಒಂದೇ ಸಂಖ್ಯೆಯನ್ನು ಎಲ್ಲ ವಸ್ತುಗಳಿಗೂ ಹಾಕುವುದು ಸಾಮಾನ್ಯ ತಪ್ಪು. 45 ಎಂದೇ ಬಿಟ್ಟರೆ 5 ಕೆಜಿಯ ಪೆಟ್ಟಿಗೆ ರಬ್ಬರಿಗೆ ಕಟ್ಟಿದಂತೆ ತೂಗಾಡುತ್ತದೆ. 100 ಗ್ರಾಂನ ಬಟ್ಟಲು ಇನ್ನೂ ಕೆಟ್ಟದಾಗಿ ವರ್ತಿಸುತ್ತದೆ: ಬಲವನ್ನು ನಾವೇ ಲೆಕ್ಕಹಾಕಿ ಪ್ರತಿ 0.02 ಸೆಕೆಂಡಿಗೊಮ್ಮೆ ಹಚ್ಚುತ್ತಿದ್ದರೆ ತಡೆಯುವ ಬಲವೇ ಗುರಿ ಮೀರಿ ಬಟ್ಟಲು ಸಿಡಿದು ಹಾರುತ್ತದೆ.

0.02 ಸೆಕೆಂಡ್ ಎಂಬುದು ಆಟ ಕಟ್ಟುವ ತಂತ್ರಾಂಶ ಯೂನಿಟಿ ತಾನಾಗಿ ಇಟ್ಟುಕೊಂಡಿರುವ ಭೌತಿಕ ಹೆಜ್ಜೆ, ಎಂದರೆ ಬಲ, ಚಲನೆಗಳ ಲೆಕ್ಕ ಮಾಡುವ ಅಂತರ. ಸೆಕೆಂಡಿಗೆ 90 ಬಾರಿ ಚಿತ್ರ ಬದಲಿಸುವ (90 ಹರ್ಟ್ಜ್) ತೆರೆಯ ಮೇಲೆ ಇದು ನಡುಕವಾಗಿ ಕಾಣುತ್ತದೆ, 0.0111ಕ್ಕೆ ಇಳಿಸಿ. ಅದೇ ಯೂನಿಟಿಯಲ್ಲಿ ತಿರುಗುವ ವೇಗಕ್ಕೆ ಸೆಕೆಂಡಿಗೆ 7 ರೇಡಿಯನ್‌ಗಳ ಮಿತಿ ಮೊದಲೇ ಇದೆ, ಎಂದರೆ ಸುಮಾರು 400 ಡಿಗ್ರಿ. ಮಣಿಕಟ್ಟನ್ನು ಝಾಡಿಸಿದರೆ ಅದನ್ನು ಸುಲಭವಾಗಿ ದಾಟುತ್ತೇವೆ. ಮಿತಿ ಏರಿಸದಿದ್ದರೆ ಕಡ್ಡಿಯೂ ಕಬ್ಬಿಣದ ಸರಳೂ ಒಂದೇ ರೀತಿ ಹಿಂದೆ ಉಳಿಯುತ್ತವೆ. ಇನ್ನು ಭಾರ ಪೂರ್ತಿ ಮಾಯವಾದರೆ ಎರಡು ಕಡೆ ಹುಡುಕಿ. ಬಲವನ್ನು ‘ಆಕ್ಸಿಲರೇಷನ್’ ರೀತಿಯಲ್ಲಿ (ನೇರ ವೇಗೋತ್ಕರ್ಷವಾಗಿ) ಹಚ್ಚಿದ್ದರೆ ದ್ರವ್ಯರಾಶಿ ಲೆಕ್ಕಕ್ಕೇ ಬರುವುದಿಲ್ಲ. ಹಿಡಿತ ‘ವೆಲಾಸಿಟಿ ಟ್ರ್ಯಾಕಿಂಗ್’ ಆಗಿದ್ದರೂ ವಸ್ತುವಿನ ವೇಗವನ್ನೇ ನೇರ ಬರೆಯುವುದರಿಂದ ಅದೇ ಕತೆ.

ಕೈಗೆ ಗರಿಷ್ಠ ಬಲವೊಂದನ್ನೂ ಕೊಡಬೇಕು. 200 ನ್ಯೂಟನ್ ಎಂದಿಟ್ಟರೆ ಒಂದು ಕೈ 20 ಕೆಜಿವರೆಗೆ ಎತ್ತೀತು. 30 ಕೆಜಿಯ ಪೆಟ್ಟಿಗೆಗೆ ಎರಡನೆಯ ಕೈ ಬೇಕೇಬೇಕು. ಆಟಗಾರ ತಾನಾಗಿಯೇ ಎರಡೂ ಕೈ ಹಾಕಿದ ಗಳಿಗೆಯಲ್ಲಿ ಹುಸಿಭಾರ ಅತಿ ಗಟ್ಟಿಯಾಗಿ ನಾಟುತ್ತದೆ. ಸುತ್ತಿಗೆಗೆ ತಿರುಚುಬಲದ ಮಿತಿಯೂ ಸೇರಲಿ: 1.5 ಕೆಜಿಯ ತಲೆಯಿಂದ 40 ಸೆಂ.ಮೀ. ದೂರ ಹಿಡಿದರೆ ಮಣಿಕಟ್ಟಿಗೆ ಸುಮಾರು 6 ನ್ಯೂಟನ್-ಮೀಟರ್ ಬೀಳುತ್ತದೆ. ಹಿಡಿಯನ್ನು 20 ಸೆಂ.ಮೀ.ಗೆ ಸರಿಸಿದರೆ ಆ ಬಲ ಅರ್ಧವಾಗುತ್ತದೆ, ಬೀಸುವಾಗಿನ ಜಡತ್ವವಂತೂ ಕಾಲುಭಾಗಕ್ಕೆ ಇಳಿಯುತ್ತದೆ.

ನಿಜವಾದ ಬಲಕ್ಕೇ ಕೈಹಾಕಿದ ಸಾಧನಗಳೂ ಇವೆ. 2007ರ ಗ್ರಾವಿಟಿ ಗ್ರ್ಯಾಬರ್ ಬೆರಳಿಗೆ ಸುತ್ತಿದ ಪಟ್ಟಿಯನ್ನು ಪುಟ್ಟ ಮೋಟಾರುಗಳಿಂದ ಎಳೆದು ಚರ್ಮವನ್ನು ಜಗ್ಗಿಸುತ್ತಿತ್ತು. 2017ರ ಗ್ರ್ಯಾಬಿಟಿ ಒಂದು ದಿಕ್ಕಿಗೆ ಚುರುಕಾಗಿ, ಇನ್ನೊಂದಕ್ಕೆ ನಿಧಾನವಾಗಿ ಅದುರಿ ಅದೇ ಭ್ರಮೆ ಹುಟ್ಟಿಸಿತು. ಮಾಮೂಲಿ ಕಂಟ್ರೋಲರಿನ ಕಂಪನ ಎರಡೂ ಕಡೆಗೆ ಸಮವಾಗಿರುತ್ತದೆ, ಆದ್ದರಿಂದ ಎಷ್ಟು ಜೋರು ಮಾಡಿದರೂ ಅದರಿಂದ ಭಾರ ಬರುವುದಿಲ್ಲ, ಬರೀ ಗುಂಯ್‌ಗುಡುತ್ತದೆ.

ಗಾತ್ರದ ಬಗ್ಗೆ ಒಂದು ಎಚ್ಚರಿಕೆ. ಫ್ರೆಂಚ್ ವೈದ್ಯ ಶಾರ್ಪಾಂತ್ಯೆ 1891ರಲ್ಲಿ ವಿವರಿಸಿದ ಗಾತ್ರ–ತೂಕದ ಭ್ರಮೆಯ ಪ್ರಕಾರ, ತೂಕ ಒಂದೇ ಇದ್ದಾಗ ದೊಡ್ಡದೇ ಹಗುರ ಅನಿಸುತ್ತದೆ. ಕೈಯಲ್ಲಿ ಅದೇ ಕಂಟ್ರೋಲರ್ ಇರುವಾಗ ದೊಡ್ಡ ಪೀಪಾಯಿ ತೋರಿಸಿದರೆ ಅದು ಪೊಳ್ಳೆನಿಸುವುದು ಇದರಿಂದಲೇ. ಹೀಗಾಗಿ ಪರೀಕ್ಷಿಸುವಾಗ ನೋಟದಲ್ಲಿ ಒಂದೇ ಆದ ಎರಡು ಘನಗಳನ್ನಿಡಿ, ದ್ರವ್ಯರಾಶಿ ಮಾತ್ರ ಬೇರೆಯಿರಲಿ. ಯಾವುದು ಭಾರ ಎಂದು ಕೇಳಿ, ಎಡಬಲ ಅದಲುಬದಲು ಮಾಡಿ ಮತ್ತೆ ಕೇಳಿ. 1 ಮತ್ತು 4 ಕೆಜಿಯ ವ್ಯತ್ಯಾಸವೇ ಗೊತ್ತಾಗದಿದ್ದರೆ ಸ್ಪ್ರಿಂಗಿನ ಬಿಗಿ ಅತಿಯಾಗಿದೆ ಎಂದರ್ಥ.